ಬೆಂಚ್ ಮೇಲಿನ ಸೈನ್ಯ

ಮೂರು ತಿಂಗಳಿಂದ ನಾನು ಬೆಂಚ್ ಮೇಲಿದ್ದೀನಿ.

ಸಾಫ್ಟ್‌ವೇರ್ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಕಂಪನಿ ಇದೆ, ಸಂಬಳ ಬರ್ತಿದೆ, ಆದರೆ ಪ್ರಾಜೆಕ್ಟ್ ಇಲ್ಲ. ಯಾವತ್ತಾದರೂ ಬೇಕಾಗಬಹುದು ಅಂತ ಕೂರಿಸಿ ಇಟ್ಟಿರ್ತಾರೆ. ಎಷ್ಟು ದಿನ ಇಟ್ಟಿರ್ತಾರೆ ಅನ್ನೋದು ಮಾತ್ರ ಗೊತ್ತಿರಲ್ಲ. ಬೆಂಗಳೂರಿನ ಬಾಡಿಗೆ ರೂಮಲ್ಲಿ ಕೂತು ಗೋಡೆ ನೋಡೋದಕ್ಕಿಂತ ಊರಲ್ಲಿ ಕೂತು ನೋಡೋದು ವಾಸಿ ಅನ್ನಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡು ಧಾರವಾಡಕ್ಕೆ, ಸಪ್ತಾಪುರದ ಮನೆಗೆ ಬಂದೆ. ಅವ್ವ ಓಣಿಯವರಿಗೆಲ್ಲ "ರಜಾ ಮ್ಯಾಲೆ ಬಂದಾನ್ರಿ" ಅಂತ ಹೇಳಿದ್ದಾಳೆ. ಮೂರು ತಿಂಗಳು ರಜೆ ಕೊಡೋ ಕಂಪನಿ ಯಾವುದು ಅಂತ ಇನ್ನೂ ಯಾರೂ ಕೇಳಿಲ್ಲ, ಪುಣ್ಯಕ್ಕೆ :-)

ಸಪ್ತಾಪುರ ಗೊತ್ತಿದ್ದವರಿಗೆ ಗೊತ್ತು. ಇಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಕೋಚಿಂಗ್ ಕ್ಲಾಸಿನ ಬೋರ್ಡು. ಕೆಎಎಸ್, ಪಿಎಸ್ಐ, ಎಫ್‌ಡಿಎ, ಬ್ಯಾಂಕು, ಟೀಚರ್ ಪರೀಕ್ಷೆ... ಎಲ್ಲೆಲ್ಲಿಂದಲೋ ಬಂದ ಹುಡುಗರು ಸಣ್ಣ ಸಣ್ಣ ರೂಮುಗಳಲ್ಲಿ ಇದ್ದುಕೊಂಡು ವರ್ಷಗಟ್ಟಲೆ ಓದ್ತಾರೆ. ಒಂದು ಲೆಕ್ಕದಲ್ಲಿ ಇಡೀ ಸಪ್ತಾಪುರವೇ ಬೆಂಚ್ ಮೇಲಿದೆ. ಅವರಲ್ಲೊಬ್ಬ ನನ್ನ ಸೋದರತ್ತೆಯ ಮಗ. ಮೂರನೇ ಸಲ ಕೆಎಎಸ್‌ಗೆ ತಯಾರಿ ನಡೆಸಿದ್ದಾನೆ. ನಾನು ಬಂದದ್ದು ಗೊತ್ತಾಗಿ ಎರಡನೇ ದಿನವೇ ಮನೆಗೆ ಬಂದ. ಬಂದದ್ದು ಒಂದು ಕೆಲಸ ಇಟ್ಟುಕೊಂಡು. ದಿಲ್ಲಿಗೆ ಹೋಗಿ ಒಂದು ವರ್ಷ ಕೋಚಿಂಗ್ ತಗೋಬೇಕಂತೆ. ಅದಕ್ಕೆ ನವಲಗುಂದದ ಕಡೆ ಇರೋ ಎರಡೂವರೆ ಎಕರೆ ಎರೆ ಹೊಲ ಒತ್ತೆ ಇಡಬೇಕಂತೆ. ಮಾಮಾ ಒಪ್ಪುತ್ತಿಲ್ಲ. "ನೀ ಒಂದ್ ಮಾತ್ ಹೇಳಪಾ, ನಿನ್ ಮಾತ್ ಕೇಳ್ತಾರ" ಅಂದ. ನಾನೂ ಹಿಂದೆಮುಂದೆ ನೋಡದೆ "ಹೂಂ" ಅಂದುಬಿಟ್ಟೆ.

ಆ ಹೂಂ ನನಗೆ ಎಷ್ಟು ಭಾರ ಆಯ್ತು ಅನ್ನೋದು ಈ ಬರಹದ ಕೊನೆಗೆ. ಅದಕ್ಕೂ ಮೊದಲು ಒಂದಿಷ್ಟು ಇತಿಹಾಸ, ಒಂದಿಷ್ಟು ಆಟ.

ಎಂಜಿನಿಯರಿಂಗ್ ಹಾಸ್ಟೆಲಿನ ದಿನಗಳಿಂದ ನನಗೊಂದು ಹುಚ್ಚಿದೆ. ಮೇಜಿನ ಮೇಲೆ ಸಣ್ಣ ಸಣ್ಣ ಸೈನಿಕರ ಗೊಂಬೆ ಇಟ್ಟು, ಸ್ಕೇಲಿನಿಂದ ದೂರ ಅಳೆದು, ದಾಳ ಹಾಕಿ ಆಡೋ ಯುದ್ಧದ ಆಟ. ಇದರ ವಂಶವೃಕ್ಷ ಹುಡುಕುತ್ತಾ ಹೋದರೆ ನಮ್ಮ ಚದುರಂಗದವರೆಗೂ ಬರಬಹುದು. 1780ರಲ್ಲಿ ಹೆಲ್ವಿಗ್ ಎಂಬ ಜರ್ಮನ್ ಮೇಷ್ಟ್ರು ಚೆಸ್ ಬೋರ್ಡನ್ನೇ ಹಿಗ್ಗಿಸಿ ಯುದ್ಧದ ಆಟ ಮಾಡಿದ. ಆಮೇಲೆ ಪ್ರಷ್ಯಾದ ರೈಸ್‌ವಿಟ್ಜ್ ಅಪ್ಪ-ಮಗ ಚೌಕಗಳನ್ನು ಬಿಟ್ಟು ನಕಾಶೆಯ ಮೇಲೆ ಆಡೋದನ್ನ ಬೆಳೆಸಿದರು. ಮಗ 1824ರಲ್ಲಿ ಪ್ರಕಟಿಸಿದ ನಿಯಮಗಳನ್ನ ಅಲ್ಲಿನ ಸೈನ್ಯವೇ ತರಬೇತಿಗೆ ಬಳಸಿತು. 1913ರಲ್ಲಿ ಎಚ್. ಜಿ. ವೆಲ್ಸ್ (ಹೌದು, ಟೈಮ್ ಮಷೀನ್ ಬರೆದವನೇ) ಮಕ್ಕಳ ಗೊಂಬೆಗಳಿಂದ ಆಡೋಕೆ 'ಲಿಟ್ಲ್ ವಾರ್ಸ್' ಅಂತ ಪುಸ್ತಕ ಬರೆದ. ನಾನು ಆಡೋದು 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ 'ಡಿಬಿಎ' ಅನ್ನೋ ಆಟ. ಒಂದೊಂದು ಕಡೆ ಹನ್ನೆರಡೇ ತುಕಡಿ, ಎರಡು ಅಡಿ ಚೌಕದ ಜಾಗ ಸಾಕು. ಬಡವರ ಆಟ!

ಬೇಸರ ಕಳೆಯೋಕೆ ಒಂದು ಭಾನುವಾರ ಪೇಡೆ ಡಬ್ಬಿಯ ರಟ್ಟು ಕತ್ತರಿಸಿ ಇಪ್ಪತ್ನಾಲ್ಕು ತುಕಡಿ ಮಾಡಿದೆ. ಊಟದ ಟೇಬಲ್ಲೇ ರಣರಂಗ. ಎದುರಾಳಿ ತಮ್ಮ (ಅದೇ ಅತ್ತೆಯ ಮಗ). ಅವನು ವಿಜಯನಗರದ ಚಾಪ್ಟರ್ ಓದುತ್ತಿದ್ದರಿಂದ 1520ರ ರಾಯಚೂರು ಕದನ ಆಡೋಣ ಅಂತಾಯ್ತು. ನಾನು ಕೃಷ್ಣದೇವರಾಯ, ಅವನು ಇಸ್ಮಾಯಿಲ್ ಆದಿಲ್ ಶಾ. ಅಂಚಿಗೆ ಹಾಸಿದ ಅವ್ವನ ನೀಲಿ ಬ್ಲೌಸ್ ಪೀಸು ಕೃಷ್ಣಾ ನದಿ.

ಕದನದ ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಇದರ ದೊಡ್ಡ ವಿವರ ಸಿಗೋದು ಫರ್ನಾವೊ ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರಹದಲ್ಲಿ. ಅವನು ವಿಜಯನಗರದಲ್ಲಿ ಇದ್ದದ್ದು ಅಚ್ಯುತರಾಯನ ಕಾಲದಲ್ಲಿ, ಅಂದರೆ ಕದನ ನಡೆದು ಸುಮಾರು ಹದಿನೈದು ವರ್ಷದ ಮೇಲೆ. ಇಸವಿಯನ್ನ ತಪ್ಪಾಗಿ 1522 ಅಂತ ಬರೆದಿದ್ದಾನೆ. ರಾಬರ್ಟ್ ಸ್ಯೂವೆಲ್ 1900ರಲ್ಲಿ ಅವನ ಬರಹವನ್ನ ಇಂಗ್ಲಿಷಿನಲ್ಲಿ ತಂದಾಗ ಲೆಕ್ಕ ಹಾಕಿ 19 ಮೇ 1520, ಶನಿವಾರ ಅಂತ ನಿಗದಿ ಮಾಡಿದ. ನ್ಯೂನಿಜ್ ಕೊಡೋ ಸಂಖ್ಯೆಗಳೂ ಹಾಗೇ. ರಾಯನ ಕಾಲಾಳುಗಳೇ ಏಳು ಲಕ್ಷಕ್ಕೆ ಮೇಲೆ, ಆನೆ 551! ಏಳು ಲಕ್ಷ ಜನಕ್ಕೆ ಮೇ ತಿಂಗಳ ರಾಯಚೂರಿನಲ್ಲಿ ನೀರು ಎಲ್ಲಿಂದ ತರೋದು ಅಂತ ಕೇಳಬೇಡಿ. ಸಂಖ್ಯೆ ಬಿಟ್ಟು ಘಟನೆಗಳ ಸಾಲು ಮಾತ್ರ ಹಿಡಿಯೋಣ.

ರಾಯಚೂರು ಕೋಟೆಗೆ ರಾಯ ಮುತ್ತಿಗೆ ಹಾಕಿದ್ದ. ಬಿಡಿಸೋಕೆ ಬಂದ ಆದಿಲ್ ಶಾ ಕೃಷ್ಣಾ ನದಿ ದಾಟಿ, ಈಚೆ ದಡದಲ್ಲಿ ಬೀಡು ಬಿಟ್ಟು, ಮುಂದೆ ಫಿರಂಗಿಗಳ ಸಾಲು ನಿಲ್ಲಿಸಿದ. ರಾಯನ ಮುಂಚೂಣಿ ನುಗ್ಗಿತು, ಮೊದಲಿಗೆ ಎದುರಾಳಿಯನ್ನ ಹಿಂದಕ್ಕೂ ತಳ್ಳಿತು. ಆಗ ಫಿರಂಗಿಗಳೆಲ್ಲ ಒಟ್ಟಿಗೇ ಸಿಡಿದವು. ಒತ್ತೊತ್ತಾಗಿ ನಿಂತಿದ್ದ ಸೈನ್ಯದಲ್ಲಿ ಹೆಣಗಳ ರಾಶಿ. ಮುಂಚೂಣಿ ಮುರಿದು ಓಡತೊಡಗಿತು, ಬಿಜಾಪುರದ ಕುದುರೆಗಳು ಬೆನ್ನು ಹತ್ತಿದವು.

ಕೃಷ್ಣದೇವರಾಯ ಆ ಮುಂಚೂಣಿಯಲ್ಲಿ ಇರಲಿಲ್ಲ. ಅವನು ಎರಡನೇ ಸಾಲಿನಲ್ಲಿ, ಇನ್ನೂ ಕೈ ಹಚ್ಚದ ಪಡೆಗಳ ಜೊತೆ ನಿಂತಿದ್ದ. ನ್ಯೂನಿಜ್ ಹೇಳೋ ಪ್ರಕಾರ, ತನ್ನ ಬೆರಳಿನ ಉಂಗುರ ತೆಗೆದು ಒಬ್ಬ ಸೇವಕ ಹುಡುಗನ ಕೈಗಿಟ್ಟ. ತಾನು ಸತ್ತರೆ ರಾಣಿಯರಿಗೆ ಗುರುತಿಗೆ ತೋರಿಸು ಅಂತ. ಓಡಿಬರುವವರು ನಮ್ಮವರೇ ಆದರೂ ಕಡಿಯಿರಿ ಅಂತ ಅಪ್ಪಣೆ ಮಾಡಿ, ಕುದುರೆ ಏರಿ, ಉಳಿದ ಎಲ್ಲ ಪಡೆಯನ್ನ ಒಟ್ಟಿಗೆ ಮುಂದಕ್ಕೆ ತಂದ. ಬೆನ್ನಟ್ಟಿ ಚದುರಿಹೋಗಿದ್ದ ಬಿಜಾಪುರದವರಿಗೆ ಈ ಹೊಡೆತ ತಡೆಯಲಾಗಲಿಲ್ಲ. ನದಿಯವರೆಗೂ ಅಟ್ಟಿದರು, ನೀರಲ್ಲೂ ಎಷ್ಟೋ ಜನ ಸತ್ತರು. ಸುಲ್ತಾನ ಹೇಗೋ ಪಾರಾದ. ಸಿಕ್ಕ ದೊಡ್ಡ ಫಿರಂಗಿಗಳೇ ನಾನೂರು, ಕುದುರೆ ನಾಲ್ಕು ಸಾವಿರ, ಆನೆ ನೂರು ಅಂತ ನ್ಯೂನಿಜ್ ಲೆಕ್ಕ.

ಶಾಲೆಯಲ್ಲಿ ಇದನ್ನ ರಾಯನ ಶೌರ್ಯ ಅಂತ ಓದಿದ್ವಿ. ಶೌರ್ಯವೇನೋ ಸರಿ. ಆದರೆ ಮುಂಚೂಣಿ ಮುರಿದ ಮೇಲೂ ಅವನ ಕೈಯಲ್ಲಿ ಏನೋ ಉಳಿದಿತ್ತಲ್ಲ, ಅದನ್ನ ಯಾವ ಮೇಷ್ಟ್ರೂ ಹೇಳಿರಲಿಲ್ಲ. ನನಗದು ಹೊಳೆದದ್ದು ಟೇಬಲ್ ಮೇಲೆ ಎರಡು ಸಲ ಸೋತಮೇಲೆ.

ಮೊದಲ ಆಟದಲ್ಲಿ ಹನ್ನೆರಡೂ ತುಕಡಿಗಳನ್ನ ಒಂದೇ ಸಾಲಾಗಿ ನಿಲ್ಲಿಸಿದೆ. ಎಲ್ಲ ಕಾದಾಡಲಿ, ಯಾರೂ ಪುಕ್ಕಟೆ ಕೂರೋದು ಬೇಡ ಅಂತ. (ನಮ್ಮ ಕಂಪನಿಯ ಫೈನಾನ್ಸ್‌ನವರ ಥರಾನೇ ಯೋಚಿಸಿದೆ ಅಂತ ಆಮೇಲೆ ಗೊತ್ತಾಯ್ತು.) ತಮ್ಮನ ಫಿರಂಗಿ ನಡುವಿನ ಎರಡು ರಟ್ಟು ಹಾರಿಸಿತು. ಸಾಲಿನಲ್ಲಿ ತೂತು ಬಿತ್ತು. ಮುಚ್ಚೋಕೆ ಹಿಂದೆ ಯಾರಿದ್ದಾರೆ? ಡಿಬಿಎನಲ್ಲಿ ನಾಲ್ಕು ತುಕಡಿ ಹೋದರೆ, ಅದೂ ಎದುರಾಳಿಗಿಂತ ಹೆಚ್ಚು ಹೋದರೆ, ಆಟ ಮುಗೀತು. ಅರ್ಧ ಗಂಟೆಯಲ್ಲಿ ವಿಜಯನಗರ ಖಲಾಸ್.

ಎರಡನೇ ಆಟದಲ್ಲಿ ಬುದ್ಧಿ ಬಂತು ಅಂದುಕೊಂಡು ನಾಲ್ಕನ್ನ ಹಿಂದೆ ಇಟ್ಟೆ. ಆದರೆ ಮುಂದೆ ಒಂದು ಬಿದ್ದ ತಕ್ಷಣ ಎದೆ ಹೊಡೆದುಕೊಂಡು ಹಿಂದಿನಿಂದ ಒಂದನ್ನ ಕಳಿಸಿದೆ. ಇನ್ನೊಂದು ಬಿತ್ತು, ಇನ್ನೊಂದನ್ನ ಕಳಿಸಿದೆ. ಚಿಲ್ಲರೆ ಖರ್ಚಾದ ಹಾಗೆ ಒಂದೊಂದಾಗಿ ನಾಲ್ಕೂ ಖರ್ಚಾದವು. ಈ ಆಟದಲ್ಲಿ ಪ್ರತಿ ಸರದಿಗೆ ದಾಳ ಹಾಕಿ, ಬಿದ್ದಷ್ಟು ಅಂಕಕ್ಕೆ ಅಷ್ಟೇ ಚಲನೆ. ಒಂದಕ್ಕೊಂದು ಅಂಟಿ ನಿಂತ ಗುಂಪನ್ನ ಒಂದೇ ಅಂಕದಲ್ಲಿ ನಡೆಸಬಹುದು. ಬಿಡಿ ಬಿಡಿಯಾಗಿದ್ದರೆ ಒಂದೊಂದಕ್ಕೂ ಒಂದೊಂದು ಅಂಕ. ಸೇನಾಪತಿಯಿಂದ ತೀರಾ ದೂರ ಇದ್ದರಂತೂ ಇನ್ನೂ ಒಂದು ಹೆಚ್ಚಿಗೆ ತೆರಬೇಕು. ಚದುರಿದ ಮೀಸಲು ಪಡೆ ದುಬಾರಿ.

ಮೂರನೇ ಆಟ. ನಾಲ್ಕು ತುಕಡಿ ಹಿಂದೆ, ಅಂಟಿಸಿ, ಜೊತೆಗೇ ಸೇನಾಪತಿ. ಫಿರಂಗಿ ಸಿಡಿದ ಮೇಲೆ ಎರಡು ಸರದಿ ಸುಮ್ಮನಿರಬೇಕು ಅಂತ ನಾವೇ ಒಂದು ಮನೆ-ನಿಯಮ ಮಾಡಿಕೊಂಡಿದ್ವಿ, ಮದ್ದು ತುಂಬೋಕೆ ಹೊತ್ತು ಬೇಕಲ್ಲ. ಅದು ಸಿಡಿಯೋವರೆಗೂ ಕಾದೆ. ಮುಂದಿನ ಸಾಲು ಸಾಯೋದನ್ನ ನೋಡ್ತಾ ಕೈ ಕಟ್ಟಿ ಕೂರೋದು ಎಷ್ಟು ಕಷ್ಟ ಅಂತ ರಟ್ಟಿನ ತುಂಡುಗಳ ಜೊತೆಗೂ ಗೊತ್ತಾಗುತ್ತೆ ಮಾರಾಯ್ರೇ! ತಮ್ಮ ಬೇರೆ "ಕಳಸಪಾ, ಇನ್ನ್ಯಾವಾಗ ಕಳಸ್ತಿ" ಅಂತ ಕಾಲೆಳೀತಿದ್ದ. ಎರಡು ರಟ್ಟು ಹೋದವು, ಮೂರನೆಯದೂ ಹೋಯ್ತು. ಅವನ ಕುದುರೆಗಳು ಬೆನ್ನಟ್ಟಿ ಬಂದು ಸಾಲು ತಪ್ಪಿದ್ವು. ಆಗ ಒಂದೇ ಅಂಕಕ್ಕೆ ನಾಲ್ಕನ್ನೂ ನುಗ್ಗಿಸಿದೆ. ಗೆದ್ದೆ. ದಾಳದಲ್ಲಿ ಐದು, ಆರು ಬಿದ್ದದ್ದೂ ಕಾರಣ ಅಂತ ಒಪ್ಪಿಕೊಳ್ತೀನಿ, ಮೂರು ಆಟದಿಂದ ಸಿದ್ಧಾಂತ ಹುಟ್ಟಲ್ಲ.

ಅದಿರ್ಲಿ, ನಾಲ್ಕನೇ ಆಟದಲ್ಲಿ ಪಕ್ಷ ಬದಲಿಸಿದ್ವಿ. ನಾನು ಆದಿಲ್ ಶಾ. ಜಾಣತನದಿಂದ ಮೀಸಲು ಇಡೋಣ ಅಂದರೆ ಜಾಗವೇ ಇಲ್ಲ! ಹಿಂದೆ ನದಿ. ಸೋತ ತುಕಡಿ ಹಿಂದಕ್ಕೆ ಸರಿಯಬೇಕು, ಸರಿಯೋಕೆ ನೆಲ ಇಲ್ಲದಿದ್ದರೆ ಸತ್ತಂತೆ ಲೆಕ್ಕ. ಆದಿಲ್ ಶಾ ಕುಡಿದ ಅಮಲಿನಲ್ಲಿ ಅವಸರವಾಗಿ ನದಿ ದಾಟಿದ ಅಂತ ಫಿರಿಶ್ತಾ ಬರೀತಾನೆ. ಕುಡಿದಿದ್ದನೋ ಇಲ್ಲವೋ, ದಾಟಿದ ಮೇಲೆ ಅವನ ಬೆನ್ನ ಹಿಂದೆ ಎರಡನೇ ಅವಕಾಶಕ್ಕೆ ಜಾಗ ಉಳಿದಿರಲಿಲ್ಲ.

ಇದೆಲ್ಲ ಆದಮೇಲೆ ಅರ್ಥಶಾಸ್ತ್ರ ತೆಗೆದು ನೋಡಿದೆ. ಇಲ್ಲೊಂದು ನಮ್ಮದೇ ಕಥೆ ಇದೆ. ಕೌಟಿಲ್ಯನ ಈ ಗ್ರಂಥದ ಹೆಸರು ಗೊತ್ತಿತ್ತೇ ಹೊರತು ಪೂರ್ತಿ ಪಠ್ಯ ಶತಮಾನಗಳ ಕಾಲ ಕಣ್ಮರೆಯಾಗಿತ್ತು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ತಾಳೆಗರಿಗಳಲ್ಲಿ ಅದು ಸಿಕ್ಕಿತು. ಗುರುತಿಸಿದವರು ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಸಂಸ್ಕೃತ ಪಠ್ಯ ಅಚ್ಚಾಯ್ತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು.

ಅದರ ಹತ್ತನೇ ಅಧಿಕರಣ ಪೂರ್ತಿ ಯುದ್ಧದ್ದು. ವ್ಯೂಹ ಅಂದರೆ ಏನೇನಿರಬೇಕು ಅನ್ನೋದರಲ್ಲಿ ಹಳೇ ಗುರುಗಳಿಗೇ ಭಿನ್ನಾಭಿಪ್ರಾಯ. ಉಶನಸನ ಪಂಥ ಎರಡು ಪಕ್ಷ, ನಡುವೆ ಉರಸ್ಯ, ಹಿಂದೆ ಪ್ರತಿಗ್ರಹ ಅನ್ನುತ್ತೆ. ಬೃಹಸ್ಪತಿಯ ಪಂಥ ಇವುಗಳ ಜೊತೆ ಎರಡು ಕಕ್ಷಗಳನ್ನೂ ಸೇರಿಸುತ್ತೆ. ಜಗಳ ಇರೋದು ಕಕ್ಷದ ಬಗ್ಗೆ. ಪ್ರತಿಗ್ರಹ, ಅಂದರೆ ಮೀಸಲು ಪಡೆ, ಇರಲೇಬೇಕು ಅನ್ನೋದರಲ್ಲಿ ಇಬ್ಬರದೂ ಒಂದೇ ಮಾತು.

ಕೌಟಿಲ್ಯ ಇನ್ನೂ ಖಚಿತವಾಗಿ ಹೇಳ್ತಾನೆ. ರಾಜ ಇನ್ನೂರು ಧನುಸ್ಸು ಹಿಂದೆ, ಪ್ರತಿಗ್ರಹದಲ್ಲಿ ನಿಲ್ಲಬೇಕು. ಮುರಿದವರನ್ನ ಮತ್ತೆ ಕೂಡಿಸೋಕೆ ಇರೋದು ಅದೊಂದೇ, ಆದ್ದರಿಂದ ಪ್ರತಿಗ್ರಹವಿಲ್ಲದೆ ಯುದ್ಧಕ್ಕಿಳಿಯಲೇಬಾರದು. ಒಂದು ಧನುಸ್ಸು ಸುಮಾರು ಆರು ಅಡಿ, ಹಾಗಾಗಿ ಇನ್ನೂರು ಅಂದರೆ ಹತ್ತಿರ ಹತ್ತಿರ 360 ಮೀಟರ್. ನಮ್ಮ ಓಣಿಯ ಈ ತುದಿಯಿಂದ ಆ ತುದಿಗಿಂತ ಸ್ವಲ್ಪ ಹೆಚ್ಚು. ಎಲ್ಲ ಕಾಣುವಷ್ಟು ಹತ್ತಿರ, ಸಿಕ್ಕಿಹಾಕಿಕೊಳ್ಳದಷ್ಟು ದೂರ.

ಇನ್ನೊಂದು ಮಾತೂ ಅಲ್ಲಿದೆ. ಬದುಕಿನ ಆಸೆ ಬಿಟ್ಟು ತಿರುಗಿಬಿದ್ದವನ ವೇಗ ತಡೆಯೋಕಾಗಲ್ಲ, ಅದಕ್ಕೇ ಮುರಿದು ಓಡುವವರನ್ನ ಅತಿಯಾಗಿ ಪೀಡಿಸಬೇಡಿ ಅಂತ. ಇದನ್ನ ಓದಿದಾಗ ಉಂಗುರ ತೆಗೆದುಕೊಟ್ಟ ರಾಯ ನೆನಪಾಗಿ ಮೈ ಜುಮ್ಮೆಂದಿತು. ರಾಯ ಅರ್ಥಶಾಸ್ತ್ರ ಓದಿದ್ದ ಅಂತ ನಾನು ಹೇಳ್ತಿಲ್ಲ. ನೆಲದ ಪಾಠ ಒಂದೇ ಇದ್ದರೆ ಇಬ್ಬರೂ ಒಂದೇ ಪಾಠ ಕಲಿತಿರಬಹುದು, ಅಷ್ಟೇ.

ಅವ್ವನಿಗೆ ಈ ವಿಷಯ ಹೇಳಿದರೆ ಅವಳು ಕೌಟಿಲ್ಯನನ್ನ ಎರಡೇ ಮಾತಲ್ಲಿ ಮುಗಿಸಿದಳು. "ಹುಲಿ-ಕುರಿ ಆಟದಾಗ ಇದಽ ಇಲ್ಲೇನೋ? ಕೈಯಾಗಿನ ಕುರಿ ಹುಲಿ ಹೆಂಗ ತಿಂತೈತಿ?" ಹೌದಲ್ಲ! ಹಂಪಿಯ ಕಲ್ಲುಹಾಸಿನ ಮೇಲೂ ಹಳೇ ಆಟದ ಮನೆಗಳನ್ನ ಕೊರೆದಿದ್ದಾರೆ, ನೋಡಿದವರಿಗೆ ಗೊತ್ತಿರುತ್ತೆ. ಹುಲಿ-ಕುರಿಯಲ್ಲಿ ಹುಲಿಗಳು ಮೊದಲೇ ಮನೆಯಲ್ಲಿ ಕೂತಿರ್ತವೆ. ಕುರಿಗಳನ್ನ ಕೈಯಿಂದ ಒಂದೊಂದಾಗಿ ಇಳಿಸಬೇಕು. ಅಷ್ಟೂ ಇಳಿಯೋವರೆಗೆ ಇಳಿದ ಕುರಿ ಅಲ್ಲಾಡುವಂತಿಲ್ಲ. ಅವಸರಪಟ್ಟು ನಡುವೆ ಇಟ್ಟರೆ ಹುಲಿಗೆ ಊಟ. ಮೀಸಲು ಇಳಿಸೋದರ ಆಟವನ್ನೇ ನಾನು ಚಿಕ್ಕಂದಿನಲ್ಲಿ ಕಟ್ಟೆ ಮೇಲೆ ಆಡಿ, ಮರೆತು, ಇಂಗ್ಲೆಂಡಿನವರ ಪುಸ್ತಕದಿಂದ ಮತ್ತೆ ಕಲಿತೆ.

ಈಗ 1565ಕ್ಕೆ ಬರೋಣ. ರಾಯಚೂರಿನ ಗೆಲುವಿನಿಂದ ನಲವತ್ತೈದು ವರ್ಷಕ್ಕೆ, 23 ಜನವರಿಯಂದು, ಅದೇ ಕೃಷ್ಣೆಯ ಹತ್ತಿರ, ನಾವು ತಾಳಿಕೋಟೆ ಅಥವಾ ರಕ್ಕಸಗಿ-ತಂಗಡಗಿ ಅಂತ ಕರೆಯೋ ಕದನ. ವಯಸ್ಸಾದ ರಾಮರಾಯ ಇಬ್ಬರು ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರನ್ನ ಎರಡು ಬದಿಗೆ ನಿಲ್ಲಿಸಿ ತಾನೇ ನಟ್ಟನಡುವೆ ನಿಂತ. ಮೊದಲಿಗೆ ವಿಜಯನಗರದ ಎರಡೂ ಬದಿಗಳು ಮುನ್ನುಗ್ಗಿದವು. ನಡುವೆ ಮಾತ್ರ ಅಹಮದ್‌ನಗರದ ಹುಸೇನ್ ನಿಜಾಮ್ ಶಾ ಫಿರಂಗಿಗಳನ್ನ ಮೂರು ಸಾಲಾಗಿ ಇಟ್ಟು, ಅವು ಕಾಣದ ಹಾಗೆ ಮುಂದೆ ಎರಡು ಸಾವಿರ ಬಿಲ್ಲುಗಾರರನ್ನ ನಿಲ್ಲಿಸಿದ್ದ ಅಂತ ಫಿರಿಶ್ತಾ ಹೇಳ್ತಾನೆ. ಬಿಲ್ಲುಗಾರರು ಬದಿಗೆ ಸರಿದರು, ಫಿರಂಗಿ ಸಿಡಿದವು. ಹತ್ತಿರ ಬಂದವರ ಮೇಲೆ ತಾಮ್ರದ ಕಾಸಿನ ಚೀಲಗಳನ್ನೇ ತುಂಬಿ ಹೊಡೆದರು. ಆಮೇಲೆ ಫಿರಂಗಿಗಳ ಸಂದಿಯಿಂದ ಕಿಶ್ವರ್ ಖಾನನ ಕುದುರೆಗಳು ನುಗ್ಗಿದವು. ರಾಮರಾಯ ಸೆರೆ ಸಿಕ್ಕ, ತಲೆ ಹೋಯ್ತು, ಅದನ್ನ ಭರ್ಜಿಗೆ ಚುಚ್ಚಿ ಎತ್ತಿ ತೋರಿಸಿದರು. ಅಷ್ಟೇ. ಅಷ್ಟು ದೊಡ್ಡ ಸೈನ್ಯ ಕರಗಿಹೋಯ್ತು.

ತಾಳಿಕೋಟೆಗೆ ನೂರು ಕಾರಣ ಕೊಡ್ತಾರೆ, ತಮ್ಮನ ನೋಟ್ಸಿನಲ್ಲೇ ಒಂಬತ್ತಿವೆ. ನಾಲ್ಕು ಸುಲ್ತಾನರ ಒಕ್ಕೂಟ, ರಾಮರಾಯನ ರಾಜಕೀಯ, ಪಕ್ಷಾಂತರದ ಮಾತು... ನಾನು ಅವನ್ನ ಅಳಿಸ್ತಿಲ್ಲ. ಹತ್ತನೆಯದಾಗಿ ಒಂದನ್ನ ಸೇರಿಸ್ತೀನಿ. ರಾಯಚೂರಿನಲ್ಲಿ ಮುಂಚೂಣಿ ಮುರಿದಾಗ ರಾಜ ಹಿಂದಿದ್ದ. ಇಲ್ಲಿ ನಡು ಮುರಿದಾಗ ಮುರಿದದ್ದೇ ರಾಜ. ಓಡಿಬಂದವರನ್ನ ನಿಲ್ಲಿಸೋಕೆ ಹಿಂದೆ ಯಾರೂ ಇರಲಿಲ್ಲ. ರಾಜಧಾನಿಯಲ್ಲೂ ಇರಲಿಲ್ಲ. ತಿರುಮಲ ಖಜಾನೆಯನ್ನ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಯ ಕಡೆ ಹೋದ. ಹಂಪಿಯ ಕಥೆ ನಿಮಗೆಲ್ಲ ಗೊತ್ತೇ ಇದೆ.

ಇದನ್ನೆಲ್ಲ ಉತ್ಸಾಹದಿಂದ ತಮ್ಮನಿಗೆ ವಿವರಿಸ್ತಾ ಇದ್ದೆ. ಹೇಳ್ತಾ ಹೇಳ್ತಾ ನನ್ನ ಮಾತು ನನಗೇ ಕೇಳಿಸಿತು. ಎರಡೂವರೆ ಎಕರೆ. ಅದೇ ಅಲ್ಲವೇ ಅವರ ಮನೆಯ ಪ್ರತಿಗ್ರಹ? ಇವನು ಮೂರು ವರ್ಷ ಮುಂಚೂಣಿಯಲ್ಲಿ ಕಾದಾಡಿದ್ದು ಆ ಹೊಲ ಹಿಂದೆ ಇದ್ದದ್ದರಿಂದ, ಹೊಲದಲ್ಲಿ ಮಾಮಾ ನಿಂತಿದ್ದರಿಂದ. ಅದನ್ನೂ ಸಾಲಿಗೆ ಎಳೆದು ನಿಲ್ಲಿಸು ಅಂತ ನಾನು ಹೋಗಿ ಹೇಳಬೇಕಾ? ಅದೂ ಬೆಂಚ್ ಮೇಲೆ ಕೂತ ನಾನು, ಒಂದು ವೇಳೆ ಸೋತರೆ ಬಡ್ಡಿ ಕಟ್ಟೋಕೂ ಆಗದವನು?

"ನಾ ಮಾಮಾಗ ಹೇಳಂಗಿಲ್ಲೋ" ಅಂದೆ. ಕಾರಣವನ್ನೂ ಹೇಳಿದೆ. ತಮ್ಮ ರಟ್ಟುಗಳನ್ನ ಸುಮ್ಮನೆ ಡಬ್ಬಿಗೆ ತುಂಬುತ್ತಾ ಒಂದೇ ಮಾತು ಕೇಳಿದ. "ಮೀಸಲು ಇಟ್ಕೊಂಡಽ ಸೋತವ್ರು ಯಾರೂ ಇಲ್ಲೇನು?"

ಇದ್ದಾರೆ. 18 ಜೂನ್ 1815, ವಾಟರ್ಲೂ. ಮಧ್ಯಾಹ್ನದ ಕೊನೆಯ ಹೊತ್ತಿಗೆ ಮಾರ್ಷಲ್ ನೇ ಇನ್ನಷ್ಟು ಪಡೆ ಕಳಿಸಿ ಅಂತ ಕೇಳಿದಾಗ ನೆಪೋಲಿಯನ್ ಕೊಡಲಿಲ್ಲ. ತನ್ನ ಮೀಸಲು ಪಡೆಯಾದ ಇಂಪೀರಿಯಲ್ ಗಾರ್ಡನ್ನ ಸಂಜೆ ಏಳರ ಸುಮಾರಿಗೆ ಮುಂದೆ ಬಿಟ್ಟ. ಅಷ್ಟರಲ್ಲಿ ಪ್ರಷ್ಯನ್ನರು ಬಂದು ಸೇರಿದ್ದರು. ಗಾರ್ಡ್ ಹಿಮ್ಮೆಟ್ಟಿದ್ದು ಕಂಡೊಡನೆ ಇಡೀ ಫ್ರೆಂಚ್ ಸೈನ್ಯ ಓಡಿತು. ಕಾದಿಟ್ಟು ಕಾದಿಟ್ಟು ಹೊತ್ತು ಮೀರಿತ್ತು. ತಮ್ಮನ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹೊತ್ತು ಯಾವುದು ಅಂತ ನಿರ್ಧರಿಸಬೇಕಾದವನು ಇನ್ನೂರು ಧನುಸ್ಸು ಹಿಂದೆ ನಿಂತು ಎಲ್ಲ ನೋಡ್ತಿರುವವನು. ಅವರ ಮನೆಯಲ್ಲಿ ಆ ಜಾಗದಲ್ಲಿ ನಿಂತಿರೋದು ಮಾಮಾ, ನಾನಲ್ಲ. ಇಷ್ಟು ಮಾತ್ರ ನನಗೆ ಗಟ್ಟಿಯಾಗಿ ಗೊತ್ತು.

ಎರಡು ದಿನ ತಮ್ಮ ಮನೆ ಕಡೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ನನ್ನ ಬೆಂಚಿನ ಬಗ್ಗೆಯೂ ಆ ಎರಡು ದಿನ ಯೋಚಿಸಿದೆ. ಮೀಸಲು ಅಂದರೆ ಮಿಕ್ಕವರು ಅಂತ ಇಷ್ಟು ದಿನ ತಿಳಿದು ಒಳಗೊಳಗೇ ನಾಚಿಕೊಳ್ತಿದ್ದೆ. ಹಾಗಲ್ಲ ಅಂತ ಗೊತ್ತಾಗಿ ಸ್ವಲ್ಪ ಸಮಾಧಾನ ಆಯ್ತು. ಆದರೆ ಪೂರ್ತಿ ಅಲ್ಲ. ಕೌಟಿಲ್ಯನ ಮೀಸಲಿನಲ್ಲಿ ರಾಜನೇ ಬಂದು ನಿಂತಿರ್ತಾನೆ. ನಮ್ಮ ಬೆಂಚಿಗೆ ಪ್ರತಿ ಸೋಮವಾರ ಬರೋದು ಒಂದು ಯಂತ್ರದ ಮೇಲ್, 'ನಿಮ್ಮ ಸ್ಕಿಲ್ ಅಪ್‌ಡೇಟ್ ಮಾಡಿ' ಅಂತ. ಇದಕ್ಕೆ ಪ್ರತಿಗ್ರಹ ಅನ್ನೋ ದೊಡ್ಡ ಹೆಸರು ಕೊಡೋಕೆ ಮನಸ್ಸು ಬರ್ತಿಲ್ಲ.

ಮೂರನೇ ದಿನ ಸಂಜೆ ಬಾಗಿಲು ತಟ್ಟಿದ ಸದ್ದು. ತಮ್ಮ. ಕೈಯಲ್ಲಿ ಪೇಡೆ ಡಬ್ಬಿ, ಈ ಸಲ ಖಾಲಿ ಅಲ್ಲ. ದಿಲ್ಲಿ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಟ್ಟುಗಳನ್ನ ಹರಡುತ್ತಾ "ಇವತ್ತ ತಾಳಿಕೋಟಿ ಆಡೂಣು. ನಾ ರಾಮರಾಯ" ಅಂದ.

ಸೇನಾಪತಿಯ ರಟ್ಟನ್ನ ಎತ್ತಿಕೊಂಡ. ನಡುವಿನ ಸಾಲಿನಲ್ಲಿ ಇಟ್ಟ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎತ್ತಿ ಸ್ಕೇಲು ಹಿಡಿದು ಅಳೆದು, ಹಿಂದೆ ತಂದಿಟ್ಟ.

ಯಾರು ಗೆದ್ದರು ಅಂತ ಕೇಳಬೇಡಿ, ಆಟ ಅರ್ಧಕ್ಕೇ ನಿಂತಿದೆ. ಅವ್ವನಿಗೆ ಹಪ್ಪಳ ಮಾಡೋಕೆ ಟೇಬಲ್ ಬೇಕಂತೆ :-)